ಸ್ಪೇನಿನವನ ಮೊಣಕಾಲು, ನಮ್ಮ ಭಾವನ ಹಲ್ಲು

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ನನ್ನ ಭಾವ, ಅಕ್ಕನ ಗಂಡ. ಗಲ್ಫಿನ ಅಲ್ ಖೋಬರ್ ಪಟ್ಟಣದ ಅವರ ಫ್ಲ್ಯಾಟಿನಲ್ಲಿ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಹುರಿದ ಬಂಗುಡೆಯ ಮುಳ್ಳು ಬಿಡಿಸುತ್ತಾ, ತಲೆ ಎತ್ತದೆ ಹೇಳಿದರು.

"ಕೋಚ್ ಸರ್ಟಿಫಿಕೇಟಾ? ನಿನಗಾ? ಈ ಸಮುದ್ರ ಬತ್ತಿದ್ರೂ ಅದು ಆಗ್ಲಿಕ್ಕಿಲ್ಲ ಮಾರಾಯ. ಸ್ಪೇನಿಂದ, ಬ್ರೆಜಿಲಿಂದ ಆಟಗಾರರನ್ನು ತರಿಸುವ ದೇಶ ಇದು. ಇವರಿಗೆಂತ ಹುಚ್ಚಾ, ಮಲ್ಪೆಯವನ ಹತ್ರ ಫುಟ್ಬಾಲ್ ಕಲೀಲಿಕ್ಕೆ?"

"ಅವ ಡಿಗ್ರಿ ಮಾಡಿದವ" ಎಂದಳು ಅಕ್ಕ.

"ಎಂತ ಡಿಗ್ರಿ? ಓಡುವುದಕ್ಕೆ ಒಂದು, ಹಾರುವುದಕ್ಕೆ ಒಂದು. ಮೀನಿನ ಧಕ್ಕೆಯ ನಾಯಿಗೂ ಕೊಡಬಹುದು ಅಂಥ ಡಿಗ್ರಿ."

ನಾವು ಆಡುವುದು ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ, ಖಾರ ಸ್ವಲ್ಪ ಕಡಿಮೆಯಾಗಿರಬಹುದು.

ನಮ್ಮ ಕುಟುಂಬದಲ್ಲಿ ಡಿಗ್ರಿ ಮಾಡಿದ ಮೊದಲನೆಯವನು ನಾನು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಅಪ್ಪ ಮೀನಿನ ಬೋಟಿನಲ್ಲಿ ತಾಂಡೇಲ, ಅಂದರೆ ಬೋಟು ನಡೆಸುವವರು. ಬೋಟಿನಲ್ಲಿ ಅವರ ಮಾತು ಹೇಗೆ ಕೊನೆಯೋ ಮನೆಯಲ್ಲೂ ಹಾಗೆಯೇ. ಕಡಲ ದಂಡೆಯ ಮರಳಿನಲ್ಲಿ ಚೆಂಡಾಡಿ ಬಂದ ದಿನ ಒದ್ದೆ ಹಗ್ಗದಲ್ಲಿ ಬಾರಿಸುತ್ತಿದ್ದರು. ಒಣ ಹಗ್ಗ ಚರ್ಮವನ್ನು ಕೆರೆಯುತ್ತದೆ, ಒದ್ದೆ ಹಗ್ಗ ಎಲುಬಿಗೆ ಇಳಿಯುತ್ತದೆ. ನಾನು ಬಿ.ಎ. ಮುಗಿಸಿ ದೈಹಿಕ ಶಿಕ್ಷಣದ ಬಿ.ಪಿ.ಎಡ್. ಸೇರಿದಾಗ ಅವರಿಗೆ ಅರ್ಥವಾಗಲಿಲ್ಲ. ಯಾವುದನ್ನು ಹೊಡೆದು ಹೊಡೆದು ಬಿಡಿಸಲು ನೋಡಿದ್ದರೋ ಅದನ್ನೇ ಕಾಲೇಜಿನಲ್ಲಿ ಕಲಿಸುತ್ತಾರೆ ಎಂದರೆ ಹೇಗೆ ಅರ್ಥವಾಗಬೇಕು?

ಇಲ್ಲಿಗೆ ವೀಸಾ ಮಾಡಿಸಿ ಕರೆತಂದವರು ಭಾವನೇ. ಖೋಬರಿನ ಹತ್ತಿರದ ಒಂದು ಇಂಡಿಯನ್ ಶಾಲೆಯಲ್ಲಿ ನಾನು ಪಿ.ಟಿ. ಮಾಸ್ಟ್ರು. ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು, ಸೀಟಿ ಊದುವುದು, ಬಿಸಿಲು ಏರಿದೊಡನೆ ಒಳಗೆ ಕಳಿಸುವುದು. ಸಾಲು ನಿಲ್ಲಿಸಲು ನಾನು ಅಷ್ಟು ಓದಬೇಕಾಗಿರಲಿಲ್ಲ. ಇಲ್ಲಿನ ಕೋಚಿಂಗ್ ಸರ್ಟಿಫಿಕೇಟ್ ಸಿಕ್ಕಿದರೆ ಖೋಬರಿನ ಫುಟ್ಬಾಲ್ ಅಕಾಡೆಮಿಯಲ್ಲಿ ಸಹಾಯಕ ಕೋಚ್ ಆಗಬಹುದಿತ್ತು. ಓದಿದ್ದಕ್ಕೆ ಒಂದು ಕೆಲಸ. ನನಗೆ ಬೇಕಾಗಿದ್ದದ್ದು ಅಷ್ಟೇ, ಆದರೆ ಅದು ಬಹಳವಾಗಿ ಬೇಕಾಗಿತ್ತು.

ಕೋರ್ಸಿನ ಗುರು ಸ್ಪೇನ್ ದೇಶದ ಒಬ್ಬ ನಿವೃತ್ತ ಮಿಡ್‌ಫೀಲ್ಡರ್. ಆಟದ ಕೊನೆಯ ವರ್ಷಗಳನ್ನು ಇಲ್ಲಿನ ಒಂದು ಕ್ಲಬ್ಬಿನಲ್ಲಿ ಆಡಿ ಇಲ್ಲೇ ಉಳಿದವನು. ಎದುರಿಗೆ 'ಕೋಚ್' ಎನ್ನುತ್ತಿದ್ದೆವು, ಬೆನ್ನ ಹಿಂದೆ 'ಸ್ಪೇನಿನವನು'. ಆಟಗಾರರನ್ನು ಏಕವಚನದಲ್ಲೇ ಕೊಂಡಾಡುವುದು ನಮ್ಮ ಕಡೆಯ ಅಭ್ಯಾಸ, ನಾನೂ ಹಾಗೇ ಬರೆಯುತ್ತೇನೆ.

ಮೊದಲ ದಿನವೇ ಅವನು ಪ್ಯಾಂಟು ಮೇಲೆ ಸರಿಸಿ ಕಾಲನ್ನು ಮೇಜಿನ ಮೇಲಿಟ್ಟ. ಮೊಣಕಾಲಿನ ಚಿಪ್ಪಿನ ಎರಡೂ ಕಡೆ ಕೊಯ್ದ ಗುರುತು. ಕೆಳಗೆ ಮುಂಗಾಲಿನ ಎಲುಬು ಒಂದು ಕಡೆ ಉಬ್ಬಿಕೊಂಡಿತ್ತು, ಒಳಗೆ ಸರಳು ಹಾಕಿದ್ದರಂತೆ. ಹುಬ್ಬು ಎರಡು ತುಂಡು. ಮೂಗು ಎಷ್ಟು ಸಲ ಮುರಿದಿತ್ತೆಂದು ಅವನಿಗೇ ನೆನಪಿರಲಿಲ್ಲ. ಮೊಣಕೈಯ ಮೇಲೆ ಒಂದು ಅರ್ಧಚಂದ್ರದ ಗುರುತಿತ್ತು. "ಇದು ನನ್ನದಲ್ಲ, ಇನ್ನೊಬ್ಬನ ಹಲ್ಲು" ಎಂದ. ನಾವು ನಕ್ಕೆವು, ಅವನು ನಗಲಿಲ್ಲ.

ಉತ್ತರ ಸ್ಪೇನಿನ ಕಲ್ಲಿದ್ದಲು ಗಣಿಯ ಹಳ್ಳಿಯವನು. ಅಜ್ಜ, ಅಪ್ಪ ಇಬ್ಬರೂ ಗಣಿಯೊಳಗೆ ಇಳಿದವರು. ಇಳಿಯದೆ ಉಳಿದ ಮೊದಲನೆಯವನು ಇವನು. ಹುಡುಗನಿರುವಾಗಲೇ ಪಟ್ಟಣದ ಕ್ಲಬ್ಬಿನವರು ಎತ್ತಿಕೊಂಡು ಹೋದರು. ಅವನ ಕಾಲಿನಲ್ಲಿ ಕುಸುರಿ ಕೆಲಸ ಇರಲಿಲ್ಲ, ಎದೆಯಲ್ಲಿ ಹೆದರಿಕೆಯೂ ಇರಲಿಲ್ಲ. ಆದ್ದರಿಂದ ಅವನನ್ನು ಡಿಫೆನ್ಸಿನ ಮುಂದೆ ನಿಲ್ಲಿಸಿದರು. ಕೆಲಸ ಒಂದೇ: ಬರುವವನನ್ನು ಬರಗೊಡಬಾರದು.

"ಗೋಲು ಹೊಡೆದವನನ್ನು ಜನ ನೆನಪಿಟ್ಟುಕೊಳ್ಳುತ್ತಾರೆ. ನನ್ನನ್ನು ನೆನಪಿಟ್ಟುಕೊಂಡಿರುವುದು ಗೋಲು ಹೊಡೆದವನ ಮೊಣಕಾಲು, ಚಳಿಗಾಲದಲ್ಲಿ ನೋಯುವಾಗ" ಎಂದ.

ತನ್ನ ಹಳೆಯ ಆಟಗಳ ವಿಡಿಯೋ ಹಾಕಿ ಪಾಠ ಮಾಡುತ್ತಿದ್ದ. ಗೆದ್ದ ಆಟಗಳಲ್ಲ, ಕೆಂಪು ಕಾರ್ಡ್ ತಿಂದ ಆಟಗಳು. ಒಂದು ಕಪ್ ಪಂದ್ಯಾವಳಿಯ ಸೆಮಿಫೈನಲ್ಲಿನಲ್ಲಿ ಆಟ ಶುರುವಾದ ಸ್ವಲ್ಪ ಹೊತ್ತಿಗೇ ಎದುರಾಳಿಯ ಕೆನ್ನೆಗೆ ಮೊಣಕೈ ಬೀಸಿ ಹೊರಗೆ ಹೋದ. ತಂಡ ನುಚ್ಚುನೂರಾಯಿತು. ಆ ಸಂಜೆ ಅವನ ಊರಿನವರೇ ಅವನ ಹೆಸರಿನ ಅಂಗಿಯನ್ನು ಬೀದಿಯಲ್ಲಿ ಸುಟ್ಟರು, ತಾಯಿಯ ಮನೆಯ ಕಿಟಕಿಗೆ ಕಲ್ಲು ಬಿತ್ತು. ಅವನನ್ನು ಕೊಳ್ಳಲು ನೋಡುತ್ತಿದ್ದ ದೊಡ್ಡ ಕ್ಲಬ್ಬು ಆಮೇಲೆ ಫೋನ್ ಮಾಡಲಿಲ್ಲ. ಮುಂದೆ ಸಣ್ಣ ಕ್ಲಬ್ಬುಗಳು, ಕೊನೆಗೆ ಈ ಮರಳುಗಾಡು. ಇಲ್ಲಿ ಆಡಿದ ಕೊನೆಯ ಆಟದಲ್ಲಿ ಒಬ್ಬ ಎಳೆಯ ಆಟಗಾರ ಇವನ ಕಾಲುಗಳ ನಡುವೆಯೇ ಚೆಂಡು ದಾಟಿಸಿದ. ಗ್ಯಾಲರಿ ನಕ್ಕಿತು. ಮುಂದಿನ ಸಲ ಆ ಆಟಗಾರ ಬಿದ್ದಾಗ ಇವನು ಅವನ ಪಾದದ ಗಂಟಿನ ಮೇಲೆ ಹತ್ತಿ ನಿಂತ. ವಿಡಿಯೋದಲ್ಲಿ ಶಬ್ದ ತೆಗೆದಿದ್ದ, ಆದರೂ ನಮಗೆ ಎಲುಬಿನ ಸದ್ದು ಕೇಳಿಸಿತು.

ಅಲ್ಲಿ ನಿಲ್ಲಿಸಿದ. "ನನ್ನ ಮುಖ ನೋಡಿ. ಇವನು ಯೋಚನೆ ಮಾಡುತ್ತಿದ್ದಾನಾ?"

"ಇಲ್ಲ ಕೋಚ್, ಸಿಟ್ಟಿನಲ್ಲಿದ್ದಾನೆ" ಎಂದ ಯಾರೋ.

"ತಪ್ಪು. ಯೋಚಿಸುತ್ತಿದ್ದಾನೆ. ಎಲ್ಲಿ ತುಳಿದರೆ ಹೆಚ್ಚು ನೋವಾಗುತ್ತದೆ ಎಂದು."

ದೀರ್ಘ ನಿಷೇಧ ಬಿತ್ತು, ವಿದಾಯದ ಪಂದ್ಯವೂ ಇಲ್ಲದೆ ಆಟ ಮುಗಿಯಿತು. ಆಮೇಲೆ ಅವನೂ ಕೋಚಿಂಗ್ ಪರೀಕ್ಷೆಗೆ ಕೂತ. ಶಾಲೆ ಅರ್ಧಕ್ಕೆ ಬಿಟ್ಟವನು, ಪೆನ್ನು ಹಿಡಿದು ಎಷ್ಟೋ ವರ್ಷವಾಗಿತ್ತಂತೆ. ಅವರ ಮನೆಯಲ್ಲೂ ಸರ್ಟಿಫಿಕೇಟೆಂಬ ಕಾಗದ ಸಿಕ್ಕಿದ್ದು ಅವನೊಬ್ಬನಿಗೇ. ಇದನ್ನು ಅವನು ಹೇಳಿದ ದಿನದಿಂದ ನನಗೆ ಅವನ ಬೈಗುಳ ಅಷ್ಟು ನಾಟಲಿಲ್ಲ.

ಬೈಗುಳ ಮಾತ್ರ ಧಾರಾಳವಾಗಿ ಸಿಕ್ಕಿತು, ಒಂದು ವಿಚಿತ್ರ ಕಾರಣಕ್ಕೆ. ಕೋರ್ಸಿನವರು ನಮ್ಮ ನಮ್ಮೊಳಗೇ ಆಡುತ್ತಿದ್ದೆವು. ನಾನು ಯಾರನ್ನಾದರೂ ಕಾಲು ಕೊಟ್ಟು ಬೀಳಿಸಿದೊಡನೆ ನನ್ನ ಕೈ ತಾನಾಗಿ ಹೋಗಿ ಬಿದ್ದವನನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿತ್ತು. ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು: ಇದನ್ನು ನಮಗೆ ಯಾರೂ ಕೂತು ಕಲಿಸಿದ್ದಲ್ಲ. ಮನುಷ್ಯನಿಗೆ, ಪುಸ್ತಕಕ್ಕೆ, ಬಲೆಗೆ, ಬೋಟಿನ ಮೂತಿಗೆ, ಯಾವುದಕ್ಕೆ ಕಾಲು ತಾಗಿದರೂ ಹಾಗೆಯೇ.

"ಅದೇನು?" ಎಂದು ಸ್ಪೇನಿನವನು ಆಟ ನಿಲ್ಲಿಸಿ ಕೇಳಿದ. ಹೇಳಿದೆ. ಕೇಳಿ ತಲೆ ಹಿಡಿದುಕೊಂಡ.

"ಅಂದರೆ ತಪ್ಪು ಮಾಡಿ, ಮಾಡಿದೆ ಎಂದು ನೀನೇ ರೆಫರಿಗೆ ಕೈಸನ್ನೆ ಮಾಡುತ್ತೀ. ಅವನ ಸೀಟಿಯನ್ನು ನೀನೇ ಊದಿಕೊಡು, ಅದೊಂದು ಬಾಕಿ!"

ಬಿಡಿಸಲು ಅವನದೇ ದಾರಿ ಹಿಡಿದ. ಕೋರ್ಸಿನಲ್ಲಿದ್ದ ಗೂಳಿಯಂಥ ಒಬ್ಬ ಡಿಫೆಂಡರನಿಗೆ ಹೇಳಿ ನನ್ನ ಮೇಲೆ ಮತ್ತೆ ಮತ್ತೆ ನುಗ್ಗಿಸಿದ. ಇಬ್ಬರೂ ಬೀಳುತ್ತಿದ್ದೆವು. ನನ್ನ ಕೈ ಅವನ ಕಾಲಿನ ಕಡೆಗೆ ಹೊರಟಿತೋ ಇಲ್ಲವೋ, ಸ್ಪೇನಿನವನ ಕೈಯಲ್ಲಿದ್ದ ಮೂಲೆ ಬಾವುಟದ ಕೋಲು ನನ್ನ ಮಣಿಕಟ್ಟಿನ ಮೇಲೆ ಬೀಳುತ್ತಿತ್ತು. ಮಣಿಕಟ್ಟು ಊದಿಕೊಂಡು ಅಕ್ಕನ ಮನೆಯಲ್ಲಿ ಎಡಗೈಯಲ್ಲಿ ಉಂಡೆ. ಅಪ್ಪನ ಹಗ್ಗಕ್ಕೆ ನನ್ನ ಆಟ ಬಿಡಿಸಲಾಗಲಿಲ್ಲ, ಈ ಕೋಲು ಈ ಅಭ್ಯಾಸವನ್ನು ಬಿಡಿಸಿತು. ಬಿದ್ದವನನ್ನು ನೋಡದೆ ಎದ್ದು ಓಡಲು ಕಲಿತೆ. ಮನಸ್ಸಿಗೆ ಹಿತವಾಗಲಿಲ್ಲ, ಆದರೆ ಕಲಿತೆ.

ನಾನು ಕಲಿತೆ. ರಜೆಯ ದಿನ ಊರ ಕಡೆಯವರು ಸೇರಿ ಆಡುವ ನಮ್ಮ ಶುಕ್ರವಾರದ ತಂಡಕ್ಕೆ ಅದನ್ನು ಕಲಿಸಬೇಕೆಂದು ನನಗೆ ಹೊಳೆಯಲೇ ಇಲ್ಲ. ಉಳಿದದ್ದೆಲ್ಲ ಅದರಿಂದಲೇ ಆಯಿತು.

ಕೋರ್ಸಿನ ಕೊನೆಯ ಪರೀಕ್ಷೆ ಒಂದು ಪಂದ್ಯ. ಪ್ರತಿಯೊಬ್ಬನೂ ಯಾವುದಾದರೂ ತಂಡವನ್ನು ತಂದು, ಕೋಚ್ ಆಗಿ ನಿಂತು ಆಡಿಸಬೇಕು. ಮೈದಾನದ ಅಂಚಿನಲ್ಲಿ ಕೋಚ್ ನಿಲ್ಲುವ ಜಾಗಕ್ಕೆ ಬಿಳಿ ಗೆರೆಯ ಚೌಕ ಹಾಕಿರುತ್ತಾರೆ. ರೆಫರಿ ಕರೆಯದೆ ಆ ಗೆರೆ ದಾಟಿದವನು ಫೇಲ್. ಇದರಲ್ಲಿ ವಾದಕ್ಕೆ ಜಾಗವಿಲ್ಲ. ಪರೀಕ್ಷಕರು ಇಬ್ಬರು: ಸ್ಪೇನಿನವನು, ಮತ್ತು ಈ ಊರಿನವರೇ ಆದ ಒಬ್ಬ ಹಿರಿಯ ಕೋಚ್. ತೋಬ್ ಎನ್ನುವ ಬಿಳಿ ನಿಲುವಂಗಿಯಲ್ಲಿ, ಜಪಮಣಿ ಉರುಳಿಸುತ್ತಾ ಕುರ್ಚಿಯಲ್ಲಿ ಕೂತಿರುತ್ತಿದ್ದರು.

ನಾನು ತಂದದ್ದು ನಮ್ಮವರನ್ನೇ. ಮಲ್ಪೆ, ಪಡುಕೆರೆ, ಉಳ್ಳಾಲದ ಕಡೆಯವರು. ಪಕ್ಕದ ದಮ್ಮಾಮ್ ಪಟ್ಟಣದ ಗೋದಾಮುಗಳಲ್ಲಿ, ವರ್ಕ್‌ಶಾಪುಗಳಲ್ಲಿ ದುಡಿಯುವವರು, ಹೆಚ್ಚಿನವರು ಮೀನುಗಾರರ ಮಕ್ಕಳು. ಸ್ಟಾಪರ್, ಅಂದರೆ ಗೋಲಿನ ಮುಂದೆ ನಿಂತು ತಡೆಯುವವನ ಜಾಗಕ್ಕೆ ನಮ್ಮ ಭಾವ. ಪೈಪ್ ವೆಲ್ಡರ್, ತಲೆ ನರೆತಿತ್ತು, ತೋಳು ಮಾತ್ರ ಕಬ್ಬಿಣ.

"ನಿನ್ನ ಪರೀಕ್ಷೆ ಪಾಸು ಮಾಡ್ಲಿಕ್ಕೆ ನಾನು ಬೇಕಾಯ್ತಲ್ಲ, ಡಿಗ್ರಿಯವನೇ" ಎಂದು ಶೂ ಕಟ್ಟುತ್ತಾ ಕೆಣಕಿದರು.

"ಭಾವ, ಇವತ್ತು ಕಾಲು ಸ್ವಲ್ಪ ಹಿಡಿದು ಆಡಿ. ಅವರಲ್ಲಿ ಮುಂದೆ ಆಡುವವ ಭಾರಿ ಜೋರಿನವ."

"ಜೋರಿನವನನ್ನು ಎಂತ ಮಾಡುದು ಅಂತ ನನಗೆ ಗೊತ್ತುಂಟು. ನೀನು ನಿನ್ನ ಚೌಕದಲ್ಲಿ ನಿಲ್ಲು."

ಎದುರಿನದು ಒಂದು ಕಾಂಟ್ರ್ಯಾಕ್ಟ್ ಕಂಪನಿಯ ತಂಡ, ನಾಲ್ಕಾರು ದೇಶದವರು ಸೇರಿದ್ದರು. ಆಟ ಶುರುವಾದಾಗಿನಿಂದಲೇ ಹದಗೆಟ್ಟಿತ್ತು. ಅವರ ಮೊಣಕೈಯಿಂದ ನಮ್ಮ ಲೆಫ್ಟ್ ಬ್ಯಾಕ್‌ನ ಕಿವಿ ಹರಿಯಿತು. ರಕ್ತ ಕುತ್ತಿಗೆಗೆ ಇಳಿದು ಅಂಗಿ ಅಂಟಿಕೊಂಡರೂ ಆಡಿದ. ನಮ್ಮವನೊಬ್ಬ ಅದಕ್ಕೆ ಪ್ರತಿಯಾಗಿ ಅವರ ಮಿಡ್‌ಫೀಲ್ಡರನ ಪಕ್ಕೆಗೆ ಮೊಣಕಾಲು ಕೊಟ್ಟ. ಹಸಿರು ಪ್ಲಾಸ್ಟಿಕ್ ಹುಲ್ಲು ಬಿಸಿಲಿಗೆ ಕಾದು, ಬಿದ್ದವರ ಮೊಣಕೈ ಸುಲಿಯುತ್ತಿತ್ತು. ರೆಫರಿ ಸೀಟಿ ಊದಿ ಊದಿ ಬಾಯಿ ಒಣಗಿಸಿಕೊಂಡ. ಸ್ಪೇನಿನವನು ನನ್ನ ಚೌಕದ ಪಕ್ಕದಲ್ಲೇ ನಿಂತಿದ್ದ, ಅವನ ಮುಷ್ಟಿ ತಾನಾಗಿ ಬಿಗಿಯುತ್ತಾ ಸಡಿಲುತ್ತಾ ಇತ್ತು.

ದ್ವಿತೀಯಾರ್ಧದಲ್ಲಿ ಅವರ ಮುಂದಿನವನು ನಮ್ಮವರನ್ನು ದಾಟಿ ಒಬ್ಬನೇ ನುಗ್ಗಿದ. ಭಾವ ಜಾರಿಕೊಂಡು ಹೋಗಿ ಕಾಲು ಕೊಟ್ಟರು. ಚೆಂಡು ಸಿಗಲಿಲ್ಲ, ಶೂವಿನ ಅಡಿಯ ಮೊಳೆಯಂಥ ಗುಬುಟು ನೇರ ಅವನ ತೊಡೆಗೆ ಹೊಕ್ಕಿತು. ಅವನು ಕಿರುಚಿ ಉರುಳಿದ. ತೊಡೆಯ ಚರ್ಮ ಸೀಳಿ ಕೆಂಪು ಕಾಣಿಸಿತು. ಭಾವ ಎದ್ದು, ಬಗ್ಗಿ, ಅವನ ತೊಡೆ ಮುಟ್ಟಿ, ಎರಡು ಬೆರಳನ್ನು ಒಂದು ಕಣ್ಣಿಗೆ ಒತ್ತಿ ಇನ್ನೊಂದು ಕಣ್ಣಿಗೆ ಒತ್ತಿದರು. ಹುಟ್ಟಿನಿಂದ ಮಾಡಿದ ಹಾಗೆ, ನೋಡದೆಯೇ.

ಎದುರಾಳಿಗಳಿಗೆ ಕಂಡದ್ದು ಬೇರೆ. ತೊಡೆ ಸೀಳಿದವನು, ಬಿದ್ದು ಕಿರುಚುವವನ ಮುಖದ ಮುಂದೆ ನಿಂತು, ಕಣ್ಣೊರೆಸಿ, 'ಅಳು ಮಗುವೇ, ಅಳು' ಎಂದು ಅಣಕಿಸುತ್ತಿದ್ದಾನೆ.

ಮೊದಲ ಗುದ್ದು ಭಾವನ ಕಿವಿಯ ಹಿಂದೆ ಬಿತ್ತು. ಎರಡನೆಯದಕ್ಕೆ ನೆಲ ಹಿಡಿದರು. ಆಮೇಲೆ ಬೂಟುಗಳು. ನಮ್ಮವರು ಓಡಿದರು, ಅವರ ಬೆಂಚಿನವರೂ ಓಡಿದರು. ಒಬ್ಬನ ಹಣೆ ಇನ್ನೊಬ್ಬನ ಮೂಗಿಗೆ ಬಡಿದ ಸದ್ದು ನನ್ನವರೆಗೆ ಬಂತು. ಕಿವಿ ಹರಿದ ನಮ್ಮವನು ಮೂಲೆ ಬಾವುಟದ ಕೋಲನ್ನೇ ಕಿತ್ತುಕೊಂಡು ಬೀಸುತ್ತಿದ್ದ. ಗ್ಯಾಲರಿಯಿಂದ ಅಕ್ಕನ ಕೂಗು ಕೇಳಿತು:

"ಹೋಗಾ! ಅವರನ್ನು ಕೊಲ್ತಾರೆ! ನಿಂತು ನೋಡ್ತಿಯಲ್ಲಾ!"

"ಒಳಗಿರು! ಗೆರೆಯೊಳಗಿರು!" ಎಂದು ಪಕ್ಕದಲ್ಲಿ ಸ್ಪೇನಿನವನು ಚೀರಿದ.

ನನ್ನ ಶೂವಿನ ತುದಿ ಬಿಳಿ ಗೆರೆಯ ಮೇಲಿತ್ತು. ಸರ್ಟಿಫಿಕೇಟ್ ನೆನಪಾಗಲಿಲ್ಲ ಎಂದರೆ ಸುಳ್ಳು. ನೆನಪಾಯಿತು, ಭಾವನ ಬಾಯಿಯ ರಕ್ತ ಕಾಣುತ್ತಿರುವಾಗಲೇ ನೆನಪಾಯಿತು. ಆದರೆ ಅದರ ಜೊತೆಗೇ ಕಂಡದ್ದು ಅಪ್ಪನ ಬೋಟು. ಗಾಳಿ ಒಮ್ಮೆಲೇ ಎದ್ದಾಗ ಬಲೆ, ಎಂಜಿನ್ನು, ಯಾವುದನ್ನೂ ಅಪ್ಪ ಮುಟ್ಟುತ್ತಿರಲಿಲ್ಲ. ಮೊದಲ ಕೂಗು ಒಂದೇ, ಕೂತುಕೊಳ್ಳಿ. ಎದ್ದು ನಿಂತು ಓಡಾಡುವವರು ಬೋಟನ್ನು ಮಗುಚುತ್ತಾರೆ. ಆ ಕೂಗಿಗೆ ಕೂರದವನನ್ನು ಅಪ್ಪ ಮತ್ತೆ ಬೋಟಿಗೆ ಹತ್ತಿಸುತ್ತಿರಲಿಲ್ಲ. ಇಲ್ಲಿದ್ದ ನಮ್ಮವರಲ್ಲಿ ಮುಕ್ಕಾಲು ಮಂದಿ ಅಂಥ ಬೋಟಿನವರ ಮಕ್ಕಳೇ.

ಎದೆ ಬಿರಿಯುವ ಹಾಗೆ ಕೂಗಿದೆ, ಅಪ್ಪನ ಸ್ವರದಲ್ಲಿ: "ಕುಲ್ಲುಲೆ! ಮಾತೆರ್ಲಾ ಕುಲ್ಲುಲೆ!" ಕೂತುಕೊಳ್ಳಿ, ಎಲ್ಲರೂ ಕೂತುಕೊಳ್ಳಿ.

ಗೋಲ್‌ಕೀಪರ್ ಮೊದಲು ಕೂತ. ಕೋಲು ಹಿಡಿದಿದ್ದವನು ಕೋಲು ಬಿಟ್ಟು ಕೂತ. ಒಬ್ಬೊಬ್ಬನಾಗಿ ನಮ್ಮವರೆಲ್ಲ ಆ ಸುಡುವ ಹುಲ್ಲಿನ ಮೇಲೆ ಕುಂಡೆ ಊರಿದರು. ಗುದ್ದಲು ಎತ್ತಿದ ಕೈಗಳ ಎದುರು ನಿಂತವರೇ ಇಲ್ಲ. ಎದುರಾಳಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಭಾವ ಮೊಣಕೈ ಊರಿ ಎದ್ದು ಹೊಡೆಯಲು ಹೊರಟಿದ್ದವರು, ನನ್ನ ಕೂಗಿಗೆ ಹಲ್ಲು ಕಚ್ಚಿ ಕೂತರು. ಹಾಗೆ ಕೂತ ಭಾವನ ಮುಖಕ್ಕೆ ಎದುರಾಳಿಯೊಬ್ಬ ಬೂಟಿನಿಂದ ಒದ್ದ.

ಆಗ ಗೆರೆ ದಾಟಿದವನು ನಾನಲ್ಲ, ಸ್ಪೇನಿನವನು. ಆ ಮೊಣಕಾಲಿಟ್ಟುಕೊಂಡು ಅಷ್ಟು ಜೋರಾಗಿ ಓಡಬಹುದೆಂದು ನನಗೆ ಗೊತ್ತಿರಲಿಲ್ಲ. ಒದ್ದವನ ಕುತ್ತಿಗೆ ಹಿಡಿದು, ಎತ್ತಿ, ನೆಲಕ್ಕೆ ಅಪ್ಪಳಿಸಿದ. ಅವನ ಎದೆಯ ಮೇಲೆ ಮೊಣಕಾಲೂರಿ ಮುಷ್ಟಿ ಮೇಲೆತ್ತಿದ. ವಿಡಿಯೋದಲ್ಲಿ ನಾವು ನೋಡಿದ ಅದೇ ಮುಖ. ಮುಷ್ಟಿ ಇಳಿಯುವ ಮೊದಲು ಹಿರಿಯ ಕೋಚ್ ಕುರ್ಚಿಯಿಂದಲೇ ಗುಡುಗಿದರು: "ಖಲಾಸ್!" ಸಾಕು. ಮುಷ್ಟಿ ಗಾಳಿಯಲ್ಲೇ ನಿಂತಿತು. ರೆಫರಿ ಪಂದ್ಯ ನಿಲ್ಲಿಸಿದ.

ಆಸ್ಪತ್ರೆಯಲ್ಲಿ ಭಾವನ ತುಟಿಗೆ ಹೊಲಿಗೆ ಹಾಕಿದರು. ಮುಂದಿನ ಹಲ್ಲು ಹೋಗಿತ್ತು. ನಾನು ಹತ್ತಿರ ಹೋದಾಗ ಗೋಡೆಯ ಕಡೆ ತಿರುಗಿದರು. ಅಕ್ಕ ಮಾತ್ರ ಹೇಳಿದಳು: "ಕೂರು ಅಂದಿ, ಕೂತರು. ಕೂತದ್ದಕ್ಕೇ ಒದ್ದರು. ಅವರು ನಿಂತಿದ್ರೆ ಇಬ್ಬರನ್ನಾದರೂ ಉರುಳಿಸ್ತಿದ್ರು. ನಿನ್ನ ಕಾಗದಕ್ಕೆ ಅವರ ಹಲ್ಲು ಕೊಟ್ಟಿಯಲ್ಲ." ಆಮೇಲಿನ ಶುಕ್ರವಾರಗಳಲ್ಲಿ ಭಾವ ಮೈದಾನಕ್ಕೆ ಬರಲಿಲ್ಲ. ಅವರ ಮನೆಯ ಊಟಕ್ಕೆ ನಾನೂ ಹೋಗಲಿಲ್ಲ.

ಪರೀಕ್ಷೆಯ ವಿಚಾರಣೆಗೆ ಕರೆದರು. ಪಂದ್ಯ ಪೂರ್ತಿಯಾಗದೆ ಪರೀಕ್ಷೆ ಪೂರ್ತಿಯಾಗುವುದು ಹೇಗೆ ಎನ್ನುವುದು ಪ್ರಶ್ನೆ. ಹಿರಿಯ ಕೋಚ್ ಮೊದಲು ಆ ಕಣ್ಣೊತ್ತುವ ಸನ್ನೆಯ ಬಗ್ಗೆ ಕೇಳಿದರು. ಹೇಳಿದೆ. ಜಪಮಣಿ ನಿಂತಿತು.

"ಅಂದರೆ ಆತ ಕ್ಷಮೆ ಕೇಳುತ್ತಿದ್ದ?"

"ಹೌದು ಸರ್. ನಮ್ಮಲ್ಲಿ ಹಾಗೆ. ಆಟದಲ್ಲಿ ಅದು ಬೇಡ ಎಂದು ತಂಡಕ್ಕೆ ನಾನು ಮೊದಲೇ ಹೇಳಿಡಬೇಕಿತ್ತು, ಹೇಳಿರಲಿಲ್ಲ."

"ನೀನು ಯಾಕೆ ಒಳಗೆ ಓಡಲಿಲ್ಲ? ಅವನು ನಿನ್ನ ಅಕ್ಕನ ಗಂಡನಂತೆ."

"ಓಡಿದ್ದರೆ ಹೊಡೆಯುವವರಲ್ಲಿ ನಾನೂ ಒಬ್ಬನಾಗುತ್ತಿದ್ದೆ. ಕೂರಿ ಎಂದು ಹೇಳುವವನು ಇರುತ್ತಿರಲಿಲ್ಲ."

ಸ್ಪೇನಿನವನು ಎದ್ದು ನಿಂತ. "ಗೆರೆ ದಾಟಿದವನು ಇವನಲ್ಲ, ನಾನು. ಫೇಲ್ ಮಾಡುವುದಾದರೆ ನನ್ನನ್ನು ಮಾಡಿ."

"ನೀನು ಫೇಲಾಗಿ ಬಹಳ ವರ್ಷವಾಯಿತು" ಎಂದರು ಹಿರಿಯರು. "ಕೂತುಕೋ."

ನಿರ್ಧಾರಕ್ಕೆ ವಾರಗಳು ಹಿಡಿದವು. ನನ್ನನ್ನು ಪಾಸು ಮಾಡಿದರು. ಆಟಗಾರನ ಮೇಲೆ ಕೈ ಮಾಡಿದ್ದಕ್ಕೆ ಸ್ಪೇನಿನವನನ್ನು ಪರೀಕ್ಷಕನ ಸ್ಥಾನದಿಂದ ತೆಗೆದರು. ಅವನಿಗೆ ಫೋನ್ ಮಾಡಿದೆ. "ಕಾರ್ಡ್ ತಿಂದು ಅಭ್ಯಾಸವಿದೆ" ಎಂದ. ಆಮೇಲೆ ಕೇಳಿದ: "ಆ ಹೊತ್ತಿನಲ್ಲಿ ನನ್ನ ಮುಖ ಯಾರಾದರೂ ವಿಡಿಯೋ ಮಾಡಿದ್ದಾರಾ? ಇದ್ದರೆ ಕಳಿಸು. ಮುಂದಿನ ತರಗತಿಗೆ ಬೇಕು." ಅವನಿಗೆ ಮುಂದಿನ ತರಗತಿ ಸಿಕ್ಕುತ್ತದೋ ಇಲ್ಲವೋ ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಸರ್ಟಿಫಿಕೇಟ್ ಕೊಡುವ ದಿನ ಶಾಲೆಗೆ ರಜೆ ಹಾಕಿ, ಕಾಲೇಜಿನ ಘಟಿಕೋತ್ಸವಕ್ಕೆ ಹಾಕಿದ್ದ ಅದೇ ಬಗೆಯ ಬಿಳಿ ಅಂಗಿ ಹಾಕಿ ಹೋದೆ. ಆ ಘಟಿಕೋತ್ಸವಕ್ಕೆ ಮನೆಯಿಂದ ಯಾರೂ ಬಂದಿರಲಿಲ್ಲ, ಅಪ್ಪ ಕಡಲಿನಲ್ಲಿದ್ದರು. ಇಲ್ಲಿಯೂ ಯಾರನ್ನೂ ಕಾದಿರಲಿಲ್ಲ. ಹಾಲಿನ ಕೊನೆಯ ಸಾಲಿನಲ್ಲಿ ಸ್ಪೇನಿನವನು ಕೆಟ್ಟ ಕಾಲನ್ನು ಉದ್ದಕ್ಕೆ ಚಾಚಿ ಕೂತಿದ್ದ. ಅವನಿಂದ ಎರಡು ಕುರ್ಚಿ ಬಿಟ್ಟು ಭಾವ, ಪಕ್ಕದಲ್ಲಿ ಅಕ್ಕ. ಬಾಯಿ ಮುಚ್ಚಿಕೊಂಡು, ತೋಳು ಕಟ್ಟಿ, ನ್ಯಾಯಕ್ಕೆ ಬಂದವರ ಹಾಗೆ ಕೂತಿದ್ದರು.

ಹೆಸರು ಕರೆದರು. ಹಿರಿಯ ಕೋಚ್ ಕಾಗದವನ್ನು ನನ್ನ ಕೈಯಲ್ಲಿಟ್ಟರು. ಒಂದು ಕಡೆ ಅರಬ್ಬಿ, ಇನ್ನೊಂದು ಕಡೆ ಇಂಗ್ಲಿಷು, ನಡುವೆ ನನ್ನ ಹೆಸರು, ಅದರ ಜೊತೆಗೆ ಅಪ್ಪನ ಹೆಸರು. ಹಿಂದಿನ ಸಾಲಿನಿಂದ ಒಂದು ಸಿಳ್ಳು ಕೇಳಿತು. ಸ್ಪೇನಿನವನದ್ದೇ.

ಇಳಿದು ನೇರ ಭಾವನ ಹತ್ತಿರ ಹೋಗಿ ಕಾಗದ ಕೊಟ್ಟೆ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಮೇಲಿಂದ ಕೆಳಗೆ ನೋಡಿದರು, ಹಿಂದೆ ತಿರುಗಿಸಿ ಅಲ್ಲೂ ನೋಡಿದರು. ಅಕ್ಕನ ಕೈಗೆ ಕೊಟ್ಟು, "ಮಡಚಬೇಡ ಮಾರಾಯ್ತಿ, ಹೀಗೇ ಹಿಡಿ" ಎಂದರು. ಹಲ್ಲಿಲ್ಲದ ಸಂದಿನಲ್ಲಿ ಮಾತಿನ ಜೊತೆ ಗಾಳಿ ಬಂತು. ಆಮೇಲೆ, ಅಷ್ಟು ವಾರಗಳ ನಂತರ ಮೊದಲ ಸಲ, ನನ್ನ ಮುಖ ನೋಡಿದರು.

"ಈ ಶುಕ್ರವಾರ ಯಾರ್ಯಾರು ಆಡುದು ಅಂತ ಹೇಳುವವ ನೀನೇ ಅಲ್ವಾ ಇನ್ನು? ಹಾಗಾದ್ರೆ ಈಗಲೇ ಹೇಳಿಬಿಡು, ಸ್ಟಾಪರಿಗೆ ನಾನಾ, ಬೇರೆಯವನಾ? ನನ್ನ ಶೂವಿನ ಅಡಿ ಕಿತ್ತು ಹೋಗಿದೆ. ಆಡುದಾದ್ರೆ ಹೊಲಿಸ್ಲಿಕ್ಕುಂಟು."